ವಿಜಯಪುರವೋ ಬಾದಾಮಿಯೋ: ಎರಡು ದಿನದ ಸೂಟಿಗೆ ಯಾವುದು?

ಶನಿವಾರ-ರವಿವಾರ ಸೂಟಿ ಸಿಕ್ಕಾಗ ಬೆಳಗಾವಿ ಕಡೆಯವರು ಮಾಡುವ ದೊಡ್ಡ ಎಡವಟ್ಟು ಎಂದರೆ ಎರಡೂ ಊರನ್ನು ಒಂದೇ ಸಲಕ್ಕೆ ಮುಗಿಸಲು ಹೋಗುವುದು. ವಿಜಯಪುರಕ್ಕೂ ಬಾದಾಮಿಗೂ ನಡುವೆ ಸುಮಾರು 120 ಕಿ.ಮೀ. ಅಷ್ಟೇ ಎನ್ನುವುದು ನಿಜ. ಆದರೆ ಎರಡೂ ಊರು ನೋಡಲು ಚಂದ ಇರುವುದು ಬೆಳಗಿನ ಹೊತ್ತು. ದಾರಿಯಲ್ಲೇ ಒಂದು ಮುಂಜಾನೆ ಕಳೆದರೆ ಬಿಸಿಲಲ್ಲಿ ಬರೀ ಕಲ್ಲು ನೋಡಿ ಬಂದಂತೆ. ಒಂದನ್ನೇ ಆರಿಸಿಕೊಳ್ಳಿ.

ಸ್ವಂತ ಗಾಡಿ ಇಲ್ಲದಿದ್ದರೆ ವಿಜಯಪುರ. ಇದರಲ್ಲಿ ಹೆಚ್ಚು ಯೋಚನೆ ಬೇಡ. ನೋಡುವಂಥದ್ದೆಲ್ಲ ಊರೊಳಗೇ ಇದೆ. ಪೂರ್ವಕ್ಕೆ ಗೋಳಗುಮ್ಮಟ, ನಡುವೆ ಜಾಮಿಯಾ ಮಸೀದಿ ಮತ್ತು ಬಾರಾ ಕಮಾನ್, ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು, ಗೋಡೆ ದಾಟಿದರೆ ಇಬ್ರಾಹಿಂ ರೋಜಾ. ಇದೇ ಸಾಲಿನಲ್ಲಿ ಹೋದರೆ ತಿರುಗಿ ಬರುವ ಗೋಜಿಲ್ಲ. ಆಟೋ ಮಾಡಿಕೊಳ್ಳುವಾಗ ಜಾಗದ ಲೆಕ್ಕಕ್ಕೆ ಒಪ್ಪಬೇಡಿ, ಅರ್ಧ ದಿನದ ಬಾಡಿಗೆ ಮಾತಾಡಿ. ಜಾಗದ ಲೆಕ್ಕದಲ್ಲಿ ಒಪ್ಪಿದರೆ ಪ್ರತಿ ಕಡೆಯೂ ಅವಸರ ಮಾಡುತ್ತಾರೆ.

ಗೋಳಗುಮ್ಮಟಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ಕಾರಣ ತಂಪಲ್ಲ, ಸದ್ದು. ಗುಮ್ಮಟದೊಳಗಿನ ಪಿಸುಗುಟ್ಟುವ ಪಡಸಾಲೆಯಲ್ಲಿ ದನಿ ವೃತ್ತಾಕಾರದ ಗೋಡೆಗುಂಟ ಜಾರಿಕೊಂಡು ಹೋಗುತ್ತದೆ. ಒಳವ್ಯಾಸ ಸುಮಾರು 38 ಮೀಟರ್ ಇದ್ದರೂ ಎದುರು ಬದಿಯಲ್ಲಿ ಕೂತವರಿಗೆ ಪಿಸುಮಾತು ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಆದರೆ ನಡುವಿನ ಬಯಲಿಗೆ ಮುಖಮಾಡಿ ಕೂಗಿದರೆ ಸಿಗುವುದು ಬರೀ ಪ್ರತಿಧ್ವನಿ. ಗೋಡೆಗೆ ಕೆನ್ನೆ ಹಚ್ಚುವಷ್ಟು ಹತ್ತಿರ ನಿಂತು, ಬಾಯಿ ಗೋಡೆಯ ಬದಿಗೆ ತಿರುಗಿಸಿ, ಮೆಲ್ಲಗೆ ಮಾತಾಡಬೇಕು. ಹತ್ತು ಗಂಟೆ ಹೊತ್ತಿಗೆ ಶಾಲೆಯ ಮಕ್ಕಳ ಬಸ್ಸು ಬಂದು ನಿಂತವೆಂದರೆ ಮುಗಿಯಿತು: ಒಂದೊಂದು ಕೂಗೂ ಏಳೆಂಟು ಸಲ ಮರಳಿ ಬರುವಲ್ಲಿ ಪಿಸುಮಾತಿಗೆ ಜಾಗವೆಲ್ಲಿ?

ಮೇಲೆ ಹೋಗಲು ಮೂಲೆಯ ಏಳಂತಸ್ತಿನ ಮಿನಾರಿನೊಳಗಿನ ಮೆಟ್ಟಿಲುಗಳೇ ಗತಿ. ಇಕ್ಕಟ್ಟು, ಮೆಟ್ಟಿಲು ಎತ್ತರ, ಎದುರಿನಿಂದ ಇಳಿಯುವವರು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಮೊಣಕಾಲು ನೋವಿರುವ ಹಿರಿಯರು ಬೇಡವೆನ್ನಲಿ. ಹತ್ತದವರಿಗೆ ಕೆಳಗಿನಿಂದ ಕಾಣುವುದು ಮಹಮ್ಮದ್ ಆದಿಲ್‌ಶಾಹಿಯ ಗೋರಿ ಮತ್ತು ತಲೆಯ ಮೇಲಿನ ಬೃಹತ್ ಟೊಳ್ಳು, ಅಷ್ಟೇ. ಅಂಥವರನ್ನು ಇಬ್ರಾಹಿಂ ರೋಜಾಕ್ಕೆ ಕರೆದೊಯ್ದು ಅಲ್ಲಿ ಹೆಚ್ಚು ಹೊತ್ತು ಕೂಡಿಸಿ. ನಮ್ಮ ಮಟ್ಟಿಗೆ ಊರಿನ ಅತಿ ಚಂದದ ಕಟ್ಟಡ ಅದೇ. ಗೋರಿಯ ಕೋಣೆಯ ಕಿಟಕಿಗಳನ್ನು ಹತ್ತಿರದಿಂದ ನೋಡಿ: ಜಾಲಿಯ ಮೇಲೆ ಅಕ್ಷರ ಕೆತ್ತಿದ್ದಲ್ಲ, ಅಕ್ಷರಗಳನ್ನೇ ಜಾಲಿಯಾಗಿ ಕೊರೆದದ್ದು. ಬೆಳಕು ಒಳಗೆ ಬರುವುದು ಅಕ್ಷರಗಳ ನಡುವಿನಿಂದ.

ಬಾದಾಮಿಯ ಲೆಕ್ಕ ಬೇರೆ. ಊರು ಸಣ್ಣದು, ಆದರೆ ಅದೊಂದನ್ನೇ ನೋಡಿ ಮರಳಿದರೆ ಹೋದದ್ದು ಅರ್ಧ ದಂಡ. 22 ಕಿ.ಮೀ. ದೂರದ ಪಟ್ಟದಕಲ್ಲು, ಅಲ್ಲಿಂದ ಮುಂದೆ ಐಹೊಳೆ, ನಡುವೆ ಮಹಾಕೂಟ, ಇತ್ತ ಬನಶಂಕರಿ. ಮೊದಲ ದಿನ ಬಾದಾಮಿ, ಎರಡನೆಯ ದಿನ ಉಳಿದದ್ದು. ಎರಡನೆಯ ದಿನ ಮೊದಲು ದೂರದ ಐಹೊಳೆಗೆ ಹೋಗಿ, ಮರಳುವಾಗ ಪಟ್ಟದಕಲ್ಲು ನೋಡಿ. ಬಸ್ಸಿನಲ್ಲೂ ಆಗುತ್ತದೆ, ಆದರೆ ಐಹೊಳೆ ಕಡೆ ಬಸ್ಸು ಕಡಿಮೆ. ಇಳಿದ ತಕ್ಷಣ ಕಂಡಕ್ಟರಿಗೆ ಮರಳುವ ಬಸ್ಸಿನ ಹೊತ್ತು ಕೇಳಿಕೊಳ್ಳದಿದ್ದರೆ ಸಂಜೆ ಟಂಟಂ ಹುಡುಕುತ್ತ ನಿಲ್ಲಬೇಕಾಗುತ್ತದೆ. ನಾಲ್ಕು ಜನ ಇದ್ದರೆ ಬಾದಾಮಿಯಿಂದಲೇ ಕಾರು ಮಾಡಿಕೊಳ್ಳುವುದು ಜಾಣತನ.

ಗುಹೆಗಳಿಗೆ ಮೆಟ್ಟಿಲಿದ್ದರೂ ಗೋಳಗುಮ್ಮಟದ ಹಾಗಲ್ಲ. ಒಂದೊಂದು ಗುಹೆಯ ಮುಂದೆ ಕೂತು ದಣಿವಾರಿಸಿಕೊಂಡು ಹತ್ತಬಹುದು. ಒಂದನೆಯ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಎಡಬದಿಯ ದ್ವಾರಪಾಲಕನ ಕೆಳಗಿನ ಕೆತ್ತನೆಯನ್ನು ನೋಡುವವರು ಕಡಿಮೆ. ಅಲ್ಲಿ ಎತ್ತು-ಆನೆಗೆ ಒಂದೇ ತಲೆ. ಒಂದು ಬದಿಯ ಮೈ ಅಂಗೈಯಿಂದ ಮುಚ್ಚಿದರೆ ಎತ್ತು, ಇನ್ನೊಂದು ಬದಿ ಮುಚ್ಚಿದರೆ ಆನೆ. ಮಕ್ಕಳಿಗೆ ಮೊದಲು ಇದನ್ನೇ ತೋರಿಸಿ. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿನ ಶಾಸನದ ಕಾಲ ಕ್ರಿ.ಶ. 578. ಅದಕ್ಕೆ ಸಮಯ ಉಳಿಸಿಕೊಳ್ಳಿ.

ಸಂಜೆ ಅಗಸ್ತ್ಯ ತೀರ್ಥದ ದಂಡೆಗುಂಟ ಭೂತನಾಥ ಗುಡಿಗೆ ಹೋಗಬೇಕು. ಪಶ್ಚಿಮದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಮಂಗಗಳು ಚೀಲದ ಸಪ್ಪಳಕ್ಕೇ ಬರುತ್ತವೆ. ತಿನಿಸು, ನೀರಿನ ಬಾಟಲಿ ಎಲ್ಲ ಜಿಪ್ ಹಾಕಿದ ಬೆನ್ನ ಚೀಲದೊಳಗಿರಲಿ.

ಊಟದ ಮಾತಿಗೆ ಬಂದರೆ ವಿಜಯಪುರದಲ್ಲಿ ಚಿಂತೆಯಿಲ್ಲ, ಯಾವ ರಸ್ತೆಗೆ ಹೋದರೂ ಖಾನಾವಳಿ. ಬಾದಾಮಿ ಬಿಟ್ಟು ಪಟ್ಟದಕಲ್ಲು-ಐಹೊಳೆ ಕಡೆ ಹೊರಟವರು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವುದು ಒಳಿತು. ಬನಶಂಕರಿ ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಮೊಸರು ಮಾರುವ ಅವ್ವಂದಿರ ಹತ್ತಿರ ಕೂತು ಉಂಡರೆ ಹೋಟೆಲ್ ಊಟ ಬೇಡವಾಗುತ್ತದೆ.

ಎರಡೂ ಊರು ಗದಗ–ಹೊಟಗಿ ರೈಲು ದಾರಿಯಲ್ಲಿವೆ. ವಿಜಯಪುರದ ಸ್ಟೇಷನ್ನು ಗೋಳಗುಮ್ಮಟಕ್ಕೆ ಹತ್ತಿರ. ಬಾದಾಮಿಯದು ಊರಿಂದ 5 ಕಿ.ಮೀ. ದೂರ, ರಾತ್ರಿ ಇಳಿಯುವವರು ಆಟೋ ಮೊದಲೇ ಹೇಳಿಡಬೇಕು. ಬೆಳಗಾವಿಯಿಂದಾದರೆ ಬಸ್ಸೇ ಸಲೀಸು: ಬಾದಾಮಿ ಸುಮಾರು 150 ಕಿ.ಮೀ., ವಿಜಯಪುರ 200ರ ಮೇಲೆ. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಜೊತೆಗಿರಲಿ.

ಏಪ್ರಿಲ್-ಮೇನಲ್ಲಿ ಎರಡೂ ಬೇಡ. ಜೋರು ಮಳೆ ಬಿದ್ದ ಮರುದಿನ ಹೊರಡುವ ಅನುಕೂಲ ಇದ್ದವರು ಬಾದಾಮಿಗೇ ಹೋಗಲಿ, ಬಂಡೆಯ ಮೇಲಿಂದ ಅಕ್ಕ-ತಂಗಿಯರ ದಿಡಗು ಧುಮುಕುವುದು ಆಗ ಮಾತ್ರ. ಜನವರಿಯಲ್ಲಿ ಹೋಗುವವರು ರೂಮು ಮುಂಚೆಯೇ ಹಿಡಿದಿಡಬೇಕು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಇತ್ತ ಬನಶಂಕರಿ ಜಾತ್ರೆ. ಇನ್ನು, ಎರಡೂ ಕಡೆಯ ಪುರಾತತ್ವ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ಸೂಟಿ.