ಮೊದಲು ಯಾವುದು ನೋಡಲಿ: ಲಾರ್ಡ್ ಆಫ್ ದಿ ರಿಂಗ್ಸ್, ಹಾಬಿಟ್?

ಎರಡೂ ಸಿನಿಮಾ ಸರಣಿಗಳನ್ನು ತೆಗೆದದ್ದು ಪೀಟರ್ ಜ್ಯಾಕ್ಸನ್. ಎರಡೂ ಮೂರು ಮೂರು ಭಾಗ. ಕಥೆಯಲ್ಲಿ ಹಾಬಿಟ್ ಮೊದಲು ಬರುತ್ತದೆ. ಆದರೂ ಲಾರ್ಡ್ ಆಫ್ ದಿ ರಿಂಗ್ಸ್‌ನಿಂದಲೇ (2001–2003) ಶುರು ಮಾಡಿ.

ಇಲ್ಲಿ ಧೈರ್ಯ ಅಂದರೆ ಸುಮ್ನೆ ಕತ್ತಿ ಬೀಸುವುದಲ್ಲ. ಕೊನೆಯ ಭಾಗದಲ್ಲಿ, ಕೆಟ್ಟ ಶಕ್ತಿಯ ಉಂಗುರವೊಂದನ್ನು ನಾಶ ಮಾಡಲು ಬೆಂಕಿ ಉಗುಳುವ ಬೆಟ್ಟ ಹತ್ತುವಾಗ ಕಥಾನಾಯಕ ಫ್ರೋಡೋ ಕುಸಿದು ಬೀಳುತ್ತಾನೆ. ಉಂಗುರದ ಭಾರವನ್ನು ಸ್ಯಾಮ್ ಹೊರುವ ಹಾಗಿಲ್ಲ. ಅದಕ್ಕೇ ಗೆಳೆಯನನ್ನೇ ಹೆಗಲ ಮೇಲೆ ಹಾಕಿಕೊಂಡು ಹತ್ತುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ. ಆ ಭಾಗಕ್ಕೆ 11 ಆಸ್ಕರ್ ಬಂದವು.

ಹಾಬಿಟ್ (2012–2014) ಹಗುರ, ನಗು ಜಾಸ್ತಿ. ಕತ್ತಲ ಗುಹೆಯಲ್ಲಿ ಕಥಾನಾಯಕ ಬಿಲ್ಬೋ, ಅಲ್ಲೇ ವಾಸಿಸುವ ವಿಚಿತ್ರ ಜೀವಿ ಗೊಲ್ಲಮ್ ಒಗಟು ಹಾಕಿಕೊಳ್ಳುವುದಂತೂ ಸೊಗಸು. ಆದರೆ ಒಂದು ಸಣ್ಣ ಪುಸ್ತಕವನ್ನು ಮೂರು ಸಿನಿಮಾಗೆ ಎಳೆದಿದ್ದಾರೆ. ಕೊನೆಯ ಯುದ್ಧ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಇದರಲ್ಲಿ ಮೊದಲ ಭಾಗ ನೋಡಿದರೂ ಸಾಕು.