ಹಳೆ ಎನ್ಲಾರ್ಜರ್ ಕೊಳ್ಳುವ ಮೊದಲು ಕರೆಂಟ್ ಹಾಕಿ ನೋಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಯಾರಾದರೂ ನೆಗೆಟಿವ್ ಮೂಲಕ ಬೆಳಕು ಬಿಟ್ಟು ದೊಡ್ಡದಾಗಿ ಫೋಟೋ ಪ್ರಿಂಟ್ ಹಾಕುವ ಹಳೆ ಎನ್ಲಾರ್ಜರ್ ಹುಡುಕುತ್ತಿದ್ದರೆ ಇದನ್ನು ಓದಿಯೇ ಮುಂದೆ ಹೋಗಿ. ನನಗೆ 9,000 ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ, ಜೀವವೇ ಹೋಗುವುದಿತ್ತು.

2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತಲ್ವಾ, ಅದಾದ ಮೇಲೆ ನಾನು ಅಪ್ಪನ ಟ್ರಂಕ್ ತೆಗೆದೆ. ಆ ಸೇತುವೆ ಕಟ್ಟುವಾಗ ಅಪ್ಪ ಕೋಡಿಬಾಗದ ದಡದಲ್ಲಿ ನಿಂತು ತೆಗೆದ ಫೋಟೋಗಳ ನೆಗೆಟಿವ್ ಅದರಲ್ಲಿದ್ದವು. ಎಲ್ಲ "120" ಅನ್ನುವ ಅಗಲ ಸೈಜಿನ ಫಿಲ್ಮ್ ರೋಲಿನವು, ಒಂದು ರೋಲಿಗೆ 12 ಚೌಕದ ಚಿತ್ರ. ಸ್ಕ್ಯಾನ್ ಮಾಡಿಸಬಹುದಿತ್ತು. ಆದರೆ ಅಪ್ಪ ರಾತ್ರಿ ಬಚ್ಚಲಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಪ್ರಿಂಟ್ ಹಾಕುತ್ತಿದ್ದುದನ್ನು ನೋಡಿ ಬೆಳೆದವನು ನಾನು, ಹಾಗೆಯೇ ಹಾಕಬೇಕು ಅನಿಸಿತು.

ಮುಚ್ಚಿಹೋದ ಸ್ಟುಡಿಯೋಗಳ ಸಾಮಾನು ಕೊಂಡು ಮಾರುವವರೊಬ್ಬರು ಘಟ್ಟದ ಮೇಲೆ ಸಿಕ್ಕರು. ಎನ್ಲಾರ್ಜರ್‌ಗೆ ಹೊಸದಾಗಿ ಬಣ್ಣ ಬಳಿದಿದ್ದರು, ಕಂಬ ಫಳಫಳ ಹೊಳೆಯುತ್ತಿತ್ತು. ಗೋಡೌನ್‌ನಲ್ಲಿ ಕರೆಂಟ್ ಇಲ್ಲ ಅಂದರು, ನಾನು ಒಪ್ಪಿಕೊಂಡೆ. ಅಲ್ಲೇ ತಪ್ಪಿದ್ದು. 120 ಸೈಜಿನ ನೆಗೆಟಿವ್ ಆಗುತ್ತದಾ ಅಂತ ಎರಡು ಸಲ ಕೇಳಿದೆ. "ಎಲ್ಲಾ ಸೈಜೂ ಆಗ್ತದ್ರೀ, ಚಿಂತಿ ಮಾಡಬ್ಯಾಡ್ರಿ" ಅಂದರು. ಮೇಲೆ ಪ್ರಿಂಟ್ ಹಾಕುವ ಪೇಪರಿನ ಒಂದು ಬಾಕ್ಸನ್ನೂ ಪುಕ್ಕಟೆ ಕೊಟ್ಟರು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ಹಿಡಿದುಕೊಂಡು ಕೂತಿದ್ದೆ.

ಮೊದಲ ರಾತ್ರಿಯೇ ಹೊಡೆಯಿತು. ಬಚ್ಚಲಿನ ನೆಲ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಫೋಕಸ್ ಮಾಡಲು ಕೈ ಹಾಕಿದ್ದೇ ತಡ, ಭುಜದವರೆಗೆ ಜುಮ್ ಅಂತ ಎಳೆದು ಹಿಂದಿನ ಗೋಡೆಗೆ ಬಿಸಾಕಿತು. ಹಿಂದಕ್ಕೆ ಬಿದ್ದಿದ್ದಕ್ಕೆ ಬದುಕಿದೆ. ಕೈ ಅಲ್ಲೇ ಕಚ್ಚಿಕೊಂಡಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮರುದಿನ ಎಲೆಕ್ಟ್ರಿಷಿಯನ್ ಬಂದು ದೀಪದ ಗೂಡು ಬಿಚ್ಚಿದರು. ಎಷ್ಟೋ ವರ್ಷ ಬಲ್ಬಿನ ಕಾವಿಗೆ ಒಳಗಿನ ವೈರಿನ ರಬ್ಬರ್ ಒಣಗಿ ಪುಡಿಪುಡಿಯಾಗಿತ್ತು, ಬರೀ ತಂತಿ ಕಬ್ಬಿಣಕ್ಕೆ ತಾಗಿಕೊಂಡಿತ್ತು. ಪ್ಲಗ್ಗಿಗೆ ಎರಡೇ ಪಿನ್, ಅರ್ಥಿಂಗ್ ಅನ್ನುವುದೇ ಇರಲಿಲ್ಲ. ಹಳೆ ಎನ್ಲಾರ್ಜರ್ ಎಷ್ಟೇ ಚೆನ್ನಾಗಿ ಕಾಣಲಿ, ಮನೆಗೆ ತಂದ ಕೂಡಲೇ ವೈರ್ ಬದಲಿಸಿ. ಮೂರು ಪಿನ್ನಿನ ಪ್ಲಗ್ ಹಾಕಿಸಿ, ಅರ್ಥ್ ವೈರನ್ನು ಕಬ್ಬಿಣದ ಮೈಗೇ ಕೊಡಿಸಿ, ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂರಿಸಿ. ರಾಸಾಯನಿಕದ ಟ್ರೇ ಒಂದು ಬದಿ, ಎನ್ಲಾರ್ಜರ್ ಇನ್ನೊಂದು ಬದಿ ಇರಲಿ. ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ.

ವೈರ್ ಆಯಿತು. ಅಪ್ಪನ ನೆಗೆಟಿವ್ ಹಾಳಾಗಬಾರದು ಅಂತ ಮೊದಲು ನನ್ನವೇ 35 ಎಂಎಂ ನೆಗೆಟಿವ್ ಇಟ್ಟು ನೋಡಿದೆ. ಬಂದ ಪ್ರಿಂಟ್ ಎಲ್ಲ ಮಂಕು. ಬಿಳಿ ಬಿಳಿಯಾಗಿ ಬರುತ್ತಿಲ್ಲ, ಬೂದಿ ಬಣ್ಣ. ಪೇಪರ್ ಮೇಲೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಬದಲಿಸಿದೆ, ನೀರಿಗೆ ಐಸ್ ಹಾಕಿ 20 ಡಿಗ್ರಿಗೆ ತಂದೆ, ಎರಡು ವಾರ ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ನೋಡಿದರೆ ದೋಷ ಒಂದಲ್ಲ, ಎರಡು. ಅವರು ಕೊಟ್ಟ ಪೇಪರ್ ಹಳತಾಗಿ ತಾನಾಗಿಯೇ ಕಪ್ಪಾಗತೊಡಗಿತ್ತು. ಇದನ್ನು ಕಂಡುಹಿಡಿಯುವುದು ಸುಲಭ. ಎನ್ಲಾರ್ಜರ್ ಹಚ್ಚದೆ, ಪೂರ್ತಿ ಕತ್ತಲಲ್ಲಿ, ಒಂದು ತುಂಡನ್ನು ಡೆವಲಪರ್‌ಗೆ ಹಾಕಿ ಆಮೇಲೆ ಚಿತ್ರವನ್ನು ಗಟ್ಟಿ ನಿಲ್ಲಿಸುವ ಫಿಕ್ಸರ್‌ಗೆ ಹಾಕಿ, ಇನ್ನೊಂದನ್ನು ನೇರ ಫಿಕ್ಸರ್‌ಗೆ ಹಾಕಿ. ಎರಡೂ ಒಂದೇ ಬಿಳುಪು ಇರಬೇಕು. ನನ್ನದರಲ್ಲಿ ಒಂದು ಹಾಲು, ಇನ್ನೊಂದು ಬೂದಿ.

ಎರಡನೆಯದು ಲೆನ್ಸ್. ಹೊಸ ಪೇಪರ್ ತಂದ ಮೇಲೂ ಮಂಕು ಪೂರ್ತಿ ಹೋಗಲಿಲ್ಲ. ಲೆನ್ಸ್ ಬಿಚ್ಚಿ, ಒಳಗೆ ಬೆಳಕು ಹಾಯುವ ಕಿಂಡಿ (ಅಪರ್ಚರ್) ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಮೇಲಿನಿಂದ ಸುಮ್ನೆ ನೋಡಿದರೆ ಏನೂ ಕಾಣುವುದಿಲ್ಲ. ಬಿಚ್ಚಿ ಒರೆಸಿಸಿದರೂ ಗಾಜಿನ ಮೇಲೆ ಅದು ಕೊರೆದ ಗುರುತು ಹಾಗೇ ಉಳಿಯಿತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಇನ್ನು ಲೆನ್ಸ್ ಬಿಡುತ್ತದಾ? ನೋಡಲು ಹೋಗುವಾಗ ಟಾರ್ಚ್ ಮರೆಯಬೇಡಿ. ಒಳ್ಳೆ ಲೆನ್ಸ್ ಸಿಕ್ಕರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟವಾಗಿದ್ದು ಸೈಜಿನ ವಿಷಯ. ಅದು 35 ಎಂಎಂಗೆ ಮಾತ್ರ ಮಾಡಿದ ಎನ್ಲಾರ್ಜರ್. ಅಪ್ಪನ ನೆಗೆಟಿವ್‌ನಲ್ಲಿ ಚಿತ್ರದ ಅಳತೆ 56 ಮಿ.ಮೀ. ಚೌಕ, ಮೂಲೆಯಿಂದ ಮೂಲೆಗೆ 79 ಮಿ.ಮೀ. ಬೆಳಕನ್ನು ಒಟ್ಟು ಮಾಡಿ ಕೊಡುವ ಕಂಡೆನ್ಸರ್ ಗಾಜು ಅದಕ್ಕಿಂತ ಅಗಲ ಇರಬೇಕು, ಲೆನ್ಸ್ ಕೂಡ 50 ಎಂಎಂ ಸಾಲದು, 75 ಅಥವಾ 80 ಬೇಕು. ಇಲ್ಲದಿದ್ದರೆ ನಾಲ್ಕೂ ಮೂಲೆ ಬೆಳಕಿಲ್ಲದೆ ಹೋಗುತ್ತದೆ. ನೆಗೆಟಿವ್ ಹಿಡಿಯುವ ಕ್ಯಾರಿಯರನ್ನು ಲೇತ್ ಅಂಗಡಿಯಲ್ಲಿ ಮಾಡಿಸಬಹುದು ಅಂದುಕೊಂಡಿದ್ದೆ, ಗಾಜೇ ಚಿಕ್ಕದಾದರೆ ಕ್ಯಾರಿಯರ್ ಕಟ್ಟಿಕೊಂಡು ಏನು ಮಾಡುವುದು? ಒಂದು ಸ್ಕೇಲು, ನಿಮ್ಮದೇ ಒಂದು ನೆಗೆಟಿವ್ ತೆಗೆದುಕೊಂಡು ಹೋಗಿ. ಅವರ ಎದುರಿಗೇ ದೀಪ ಹಚ್ಚಿಸಿ, ಚಿತ್ರ ಕೆಳಗೆ ಬೀಳಿಸಿ, ನಾಲ್ಕೂ ಮೂಲೆ ನೋಡಿ. ಕತ್ತಲೆ ಮಾಡಿ ಲೆನ್ಸಿನ ಮೇಲಿರುವ ಮಡಿಕೆ ಮಡಿಕೆ ಚೀಲದ (ಬೆಲ್ಲೋಸ್) ಮಡಿಕೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಸೋರುತ್ತದಾ ನೋಡಿ. ಗಾರೆಯವರ ರಸಮಟ್ಟ ಇದ್ದರೆ ಎನ್ಲಾರ್ಜರಿನ ತಲೆಯೂ ಕೆಳಗೆ ಪೇಪರ್ ಇಡುವ ಹಲಗೆಯೂ ಒಂದೇ ಮಟ್ಟ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಕರೆಂಟ್ ಇಲ್ಲ ಅಂದರೆ, ಬಂದಾಗ ಬರುತ್ತೇನೆ ಅಂತ ಎದ್ದು ಬನ್ನಿ.

ಮಾರಿದವರಿಗೆ ಫೋನ್ ಮಾಡಿದೆ. "ನಾ ಏನೂ ಬರದು ಕೊಟ್ಟಿಲ್ಲಲ್ರೀ" ಅಂದರು. ಆಮೇಲೆ ಫೋನ್ ಎತ್ತಲೇ ಇಲ್ಲ. ಹಾಗಾಗಿ ಚೀಟಿ ಬರೆಸಿಕೊಳ್ಳಿ, ಯಾವ ಸೈಜ್ ಆಗುತ್ತದೆ ಅನ್ನುವುದೂ ಅದರಲ್ಲಿರಲಿ.

ಈಗ ನಾನು ಅದನ್ನು ಬರೀ ದೀಪದ ಹಾಗೆ ಬಳಸುತ್ತಿದ್ದೇನೆ. ಪೇಪರ್ ಮೇಲೆ ನೆಗೆಟಿವ್ ಇಟ್ಟು, ಮೇಲೊಂದು ಗಾಜು ಒತ್ತಿ ಕಾಂಟ್ಯಾಕ್ಟ್ ಪ್ರಿಂಟ್ ಹಾಕುತ್ತೇನೆ. ಎರಡು ಇಂಚಿನಷ್ಟೇ ಚಿತ್ರ ಬರುತ್ತದೆ. ಮೊನ್ನೆ ಒಂದನ್ನು ಆಯಿಗೆ ಕೊಟ್ಟೆ. ಕಿಟಕಿ ಹತ್ತಿರ ಕೂತು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ನದಿ ನಡುವೆ ಕಂಬಗಳು ಮಾತ್ರ ನಿಂತಿವೆ, ಮೇಲೆ ರಸ್ತೆ ಇನ್ನೂ ಬಂದಿಲ್ಲ.