ಇಂಟೆಲ್ಲೋ, ರೈಜನ್ನೋ: ಎರಡು ಹ್ಯಾಕಿಂಟಾಷ್‌ಗಳ ಲೆಕ್ಕ

ಮ್ಯಾಕ್ ಕೊಳ್ಳದೆ ಸಾಮಾನ್ಯ ಪಿಸಿಯಲ್ಲೇ ಮ್ಯಾಕ್‌ಓಎಸ್ ಓಡಿಸುವ ಹುಚ್ಚು, ಅಂದರೆ ಹ್ಯಾಕಿಂಟಾಷ್ ಹುಚ್ಚು, ನನಗೆ ಹಳೆಯದು. ಈ ವ್ಯವಸ್ಥೆ ತನ್ನ ಹೆಸರಿನ ಯಂತ್ರಗಳಿಗೆ ಮಾತ್ರ ಎಂದು ಆಪಲ್‌ನ ಪರವಾನಗಿ ಹೇಳುತ್ತದೆ. ಗೊತ್ತಿದ್ದೇ ಕೈಹಾಕಿದವನಿಗೆ ದೂರುವ ಹಕ್ಕಿಲ್ಲ, ಬಿಡಿ.

ರೇಡಿಯಾನ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ರ‍್ಯಾಮ್ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಮಾತ್ರ ಬದಲಿಸಿದೆ. ಮೊದಲು ಇಂಟೆಲ್‌ನ ಕೋರ್ ಐ5-8400, ಆಮೇಲೆ ಎಎಮ್‌ಡಿಯ ರೈಜನ್ 5 3600. ಎರಡರಲ್ಲೂ ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್, ಎರಡರಲ್ಲೂ ಮ್ಯಾಕ್‌ಓಎಸ್ 13, ಅಂದರೆ ವೆಂಚುರಾ.

ಐ5 ಕಥೆ ಚಿಕ್ಕದು. 2019ರ ಐಮ್ಯಾಕ್‌ನಲ್ಲಿದ್ದದ್ದೂ ಇದೇ ವಂಶದ ಚಿಪ್. ಅದರ ಮಾದರಿ ಹೆಸರು ಹಿಡಿದು ‘ನಾನು ಐಮ್ಯಾಕ್19,1’ ಎಂದು ಸುಳ್ಳು ಹೇಳಿದರೆ ವ್ಯವಸ್ಥೆ ನಂಬುತ್ತದೆ. ಪ್ರೊಸೆಸರ್‌ನ ವಿದ್ಯುತ್ ನಿರ್ವಹಣೆಗೆ ಮ್ಯಾಕ್‌ಓಎಸ್ ಕೈಹಾಕದಂತೆ ತಡೆಯುವ ಸಿಎಫ್‌ಜಿ ಲಾಕ್ ಅನ್ನು ಬಯೋಸ್‌ನಲ್ಲಿ ತೆಗೆದೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿ ‘ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್’ ಎಂಬಲ್ಲಿ ನಿಂತವು. ಇನ್‌ಸ್ಟಾಲರ್ ಇದ್ದ ಪೆನ್‌ಡ್ರೈವ್ ಕಿತ್ತು ಪಕ್ಕದ ಕಿಂಡಿಗೆ ಚುಚ್ಚಿದೆ, ಮುಂದೆ ಹೋಯಿತು. ಒಂದು ಕಂಟ್ರೋಲರ್‌ಗೆ ಹದಿನೈದೇ ಯುಎಸ್‌ಬಿ ಪೋರ್ಟ್ ಎಂಬ ಮ್ಯಾಕ್‌ಓಎಸ್ ಮಿತಿಯ ಕಾಟವಿದು; ಪೋರ್ಟ್‌ಗಳ ನಕ್ಷೆ ಮಾಡಿಕೊಂಡ ಮೇಲೆ ಮರುಕಳಿಸಲಿಲ್ಲ.

ರೈಜನ್ ಹಾಗಲ್ಲ. ಎಎಮ್‌ಡಿ ಪ್ರೊಸೆಸರ್ ಇರುವ ಮ್ಯಾಕ್ ಎಂದೂ ಮಾರಾಟಕ್ಕೆ ಬಂದಿಲ್ಲ, ಹಾಗಾಗಿ ವ್ಯವಸ್ಥೆಯ ತಿರುಳಾದ ಕರ್ನಲ್‌ಗೇ ಪ್ಯಾಚ್, ಅಂದರೆ ತೇಪೆ, ಹಾಕಬೇಕು. ಆ ಪ್ಯಾಚ್‌ನಲ್ಲಿ ಕೋರ್‌ಗಳ ಸಂಖ್ಯೆಯನ್ನು ನಾವೇ ಬರೆಯಬೇಕು: ಆರು ಕೋರ್ ಇದ್ದರೆ 06. ನಾನು ಅದನ್ನು 00 ಆಗಿಯೇ ಬಿಟ್ಟು ಒಂದು ಸಂಜೆಯಿಡೀ ಮೆಮೊರಿಯನ್ನು ಶಂಕಿಸಿದೆ! ಬೂಟ್ ಆದ ಮೇಲೆ ಇನ್ನೊಂದು ತಮಾಷೆ. ಇದಕ್ಕೆ ಮ್ಯಾಕ್‌ಪ್ರೊ7,1 ಎಂಬ ಮಾದರಿಯ ವೇಷ ಹಾಕಿಸಿದ್ದರಿಂದ, ರ‍್ಯಾಮ್ ತಪ್ಪು ಸ್ಲಾಟ್‌ಗಳಲ್ಲಿದೆ ಎಂದು ಎಚ್ಚರಿಕೆ ಬರತೊಡಗಿತು. ಆ ಯಂತ್ರಕ್ಕೆ ಹನ್ನೆರಡು ಸ್ಲಾಟ್, ನನ್ನ ಬೋರ್ಡ್‌ಗೆ ನಾಲ್ಕು. ಆ ಎಚ್ಚರಿಕೆಯನ್ನು ಸುಮ್ಮನಾಗಿಸಲು ಮತ್ತೊಂದು ಕೆಕ್ಸ್ಟ್, ಅಂದರೆ ಕರ್ನಲ್‌ಗೆ ಸೇರಿಸುವ ತುಣುಕು.

ಹನ್ನೆರಡು ಥ್ರೆಡ್‌ಗಳ ರೈಜನ್ ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ ಆರು ಥ್ರೆಡ್‌ಗಳ ಐ5 ಅನ್ನು ಸಲೀಸಾಗಿ ಹಿಂದೆ ಹಾಕಿತು. ನಾನು ಅದಕ್ಕೇ ಮರುಳಾದದ್ದು. ಆದರೆ ನನ್ನ ದಿನ ಶುರುವಾಗುವುದೇ ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್‌ನಿಂದ. ಅದಕ್ಕೆ ಬೇಕಾದ, ಯಂತ್ರದೊಳಗೆ ಯಂತ್ರ ಓಡಿಸುವ ಆಪಲ್‌ನ ಹೈಪರ್‌ವೈಸರ್ ಈ ಕೆಲಸಕ್ಕೆ ಪ್ರೊಸೆಸರ್ ಕೊಡುವ ನೆರವುಗಳಲ್ಲಿ ಇಂಟೆಲ್‌ನ ವಿಟಿ-ಎಕ್ಸ್ ಬಲ್ಲದು, ಎಎಮ್‌ಡಿ-ವಿ ಅರಿಯದು. ಐ5ನಲ್ಲಿ ಯೋಚಿಸದೆ ತೆರೆಯುತ್ತಿದ್ದ ಡಾಕರ್ ಇಲ್ಲಿ ಏಳಲೇ ಇಲ್ಲ. ವೇಗ ಉಳಿಸಿದ ನಿಮಿಷಗಳನ್ನೆಲ್ಲ ಇದೊಂದೇ ನುಂಗಿತು.

ಅಪ್‌ಡೇಟ್‌ನಲ್ಲೂ ಇದೇ ತಾರತಮ್ಯ. 13.3ಕ್ಕೆ ಏರಿದಾಗ ಐ5 ತಾನಾಗಿಯೇ ಎದ್ದು ಕುಳಿತಿತು. ರೈಜನ್‌ಗೆ ಕೋರ್ ಸಂಖ್ಯೆಯ ಪ್ಯಾಚ್ ಹೊಸದು ಬೇಕಾಯಿತು. ಓಪನ್‌ಕೋರ್ ಇರುವ ಹಳೆಯ ಇಎಫ್‌ಐ ಫೋಲ್ಡರ್‌ನ ನಕಲು ಪೆನ್‌ಡ್ರೈವ್‌ನಲ್ಲಿ ಇಲ್ಲದೆ ಅಪ್‌ಡೇಟ್ ಬಟನ್ ಮುಟ್ಟಬೇಡಿ. ಗ್ರಾಫಿಕ್ಸ್‌ನಲ್ಲಿ ಮಾತ್ರ ಇಬ್ಬರೂ ಸಮ, 580ಗೆ ಡ್ರೈವರ್ ವ್ಯವಸ್ಥೆಯಲ್ಲೇ ಇದೆ.

ಮ್ಯಾಕ್‌ಓಎಸ್‌ನ 2025ರ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದೆಂದು ಆಪಲ್ ಸಾರಿದೆ. ನಾನು ಐ5 ಅನ್ನು ವೆಂಚುರಾದಲ್ಲೇ ನಿಲ್ಲಿಸಿ ಕೆಲಸ ಮಾಡುತ್ತಿದ್ದೇನೆ. ರೈಜನ್‌ಗೆ ಲಿನಕ್ಸ್ ಹಾಕಿದೆ. ಡಾಕರ್ ಮೊದಲ ಸಲಕ್ಕೇ ತೆರೆಯಿತು.